ಧಾರೆಗೆ ಕೂತ ಲಾರ್ಡ್ ಲೆಫ್ಟಿನೆಂಟ್

ಹೋದ ತಿಂಗಳು ಪರಿಚಯದವರ ಮಗುವಿನ ಹುಟ್ಟುಹಬ್ಬಕ್ಕೆಂದು ರೆಂಟನ್‌ನ ಆ ಕಮ್ಯೂನಿಟಿ ಹಾಲ್‌ಗೆ ಮತ್ತೆ ಹೋಗಬೇಕಾಯಿತು. ಬಾಗಿಲು ತಳ್ಳುತ್ತಲೇ ಒಂದು ಬೆರಕೆ ವಾಸನೆ ಮೂಗಿಗೆ ಬಡಿಯಿತು: ಗೂಟಕ್ಕೆ ನೇತುಹಾಕಿದ ಒದ್ದೆ ಜಾಕೆಟ್‌ಗಳು, ಮರದ ನೆಲಕ್ಕೆ ಹಚ್ಚಿದ ಪಾಲಿಶ್, ಒಳಗಿನ ಅಡುಗೆಮನೆಯಲ್ಲಿ ಎರಡನೆಯ ಸಲ ಬಿಸಿಯಾಗುತ್ತಿರುವ ಸಾರು. ನನ್ನ ಕಿವಿಗಳು ಬಿಸಿಯಾದವು.

"ಯಾಕ್ರೀ, ಮುಖ ಕೆಂಪಗಾಗಿದೆ?" ಎಂದಳು ನನ್ನ ಹೆಂಡತಿ ರೋಹಿಣಿ. "ಹೀಟರ್ ಜಾಸ್ತಿ ಇಟ್ಟಿದಾರಾ?"

ಹೌದು ಎಂದೆ. ಹೀಟರ್ ಹಾಕಿಯೇ ಇರಲಿಲ್ಲ.

ನನ್ನ ನೆನಪಿನಲ್ಲಿ, ವರ್ಷಗಳ ಹಿಂದೆ ಈ ಹಾಲ್‌ನಲ್ಲೇ ನಡೆದ ಆ ಮದುವೆಯ ಮಂಟಪ ಕಿಟಕಿಗಳ ಕಡೆಗಿತ್ತು. ಹೊರಗೆ ತುಂತುರು ಬೀಳುವುದು ನಾನು ಕೂತಲ್ಲಿಂದ ಕಾಣುತ್ತಿತ್ತು. ಆದರೆ ಈಗ ನೋಡಿದರೆ ಆ ಕಡೆ ಕಿಟಕಿಯೇ ಇಲ್ಲ, ಬರೀ ಗೋಡೆ. ಗೋಡೆ ಆಮೇಲೆ ಕಟ್ಟಿದ್ದೋ, ಕಿಟಕಿ ನಾನು ಕಟ್ಟಿದ್ದೋ ಗೊತ್ತಿಲ್ಲ. ಇತಿಹಾಸ ಓದಿದವನಿಗೆ ಸಾಕ್ಷಿ ಹೇಳುವವನ ಮೇಲೆಯೇ ಮೊದಲ ಅನುಮಾನ. ಸಾಕ್ಷಿ ತಾನೇ ಆದಾಗ ಆ ಅನುಮಾನ ಇನ್ನೂ ಹೆಚ್ಚು. ಆದ್ದರಿಂದ ಇಲ್ಲಿ ಬರುವ ಮಾತುಗಳು ಹೆಚ್ಚುಕಡಿಮೆ ಇರಬಹುದು, ಯಾರು ಎಲ್ಲಿ ನಿಂತಿದ್ದರು ಎಂಬುದು ತಪ್ಪಿರಬಹುದು. ನಾಚಿಕೆಯ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಅದು ಎರಡು ಸಾವಿರದ ಹದಿನಾಲ್ಕರ ಚಳಿಗಾಲ. ನಾವು ರೆಂಟನ್‌ನಲ್ಲಿ, ವಿಮಾನ ಜೋಡಿಸುವ ಕಾರ್ಖಾನೆಯ ಹಿಂದಿನ ಗುಡ್ಡದ ಮೇಲೆ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ರೋಹಿಣಿ ಬೆಳಗಿನ ಕತ್ತಲಲ್ಲೇ ಬಸ್ ಹಿಡಿದು ಕರ್ಕ್‌ಲ್ಯಾಂಡ್‌ನ ತನ್ನ ಆಫೀಸಿಗೆ ಹೊರಡುತ್ತಿದ್ದಳು. ನಾನು ಇನ್ನೂ ವಿದ್ಯಾರ್ಥಿ. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಅಲ್ಲಿ ಪಿಎಚ್.ಡಿ.ಗೆ ಒಂದು ವಿಷಯ ಹಿಡಿದು ಬಿಟ್ಟು, ಇಲ್ಲಿಗೆ ಬಂದು ಇನ್ನೊಂದನ್ನು ಹಿಡಿದು ಬಿಟ್ಟು, ನಲವತ್ತು ದಾಟಿದ ಮೇಲೆ ಮೂರನೆಯದಕ್ಕೆ ಅಂಟಿಕೊಂಡಿದ್ದೆ. ಇಂಗ್ಲೆಂಡಿನ ಒಂದು ಸಣ್ಣ ಕೌಂಟಿಯ ಲಾರ್ಡ್ ಲೆಫ್ಟಿನೆಂಟ್ ಎಂಬ ಹುದ್ದೆಯ ಇತಿಹಾಸ. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಅಲ್ಲಿ ರಾಜನೋ ರಾಣಿಯೋ ಖುದ್ದಾಗಿ ಇರಲು ಸಾಧ್ಯವಿಲ್ಲದ್ದರಿಂದ ಅವರ ಹೆಸರಿನಲ್ಲಿ ನಿಲ್ಲುವವನು ಈ ಲಾರ್ಡ್ ಲೆಫ್ಟಿನೆಂಟ್.

ಟ್ಯೂಡರ್ ದೊರೆಗಳ ಕಾಲದಲ್ಲಿ ಇದು ಭಾರಿ ಹುದ್ದೆ. ಸಮುದ್ರದಾಚೆಯಿಂದ ಶತ್ರು ಬರುವ ಭಯ, ಒಳಗೆ ದಂಗೆಯ ಭಯ. ಜಿಲ್ಲೆಗೊಬ್ಬ ದೊಡ್ಡ ಜಮೀನ್ದಾರನನ್ನು ಹಿಡಿದು ದೊರೆ ಹೇಳುತ್ತಿದ್ದ: ಆಳುಗಳನ್ನು ಕೂಡಿಸು, ಅವರ ಈಟಿ ಬಿಲ್ಲು ತಪಾಸಣೆ ಮಾಡು, ಗುಡ್ಡದ ತುದಿಯಲ್ಲಿ ಸೌದೆ ಒಟ್ಟಿಡು, ಶತ್ರು ಕಂಡರೆ ಬೆಂಕಿ ಹಚ್ಚು. ಆಮೇಲಿನ ಶತಮಾನಗಳಲ್ಲಿ ಹುದ್ದೆ ಹೆಚ್ಚುಕಡಿಮೆ ಮನೆತನದ ಆಸ್ತಿಯಾಯಿತು. ಅಪ್ಪ ಸತ್ತರೆ ಮಗ. ಜಿಲ್ಲೆಯ ಮ್ಯಾಜಿಸ್ಟ್ರೇಟುಗಳು ಯಾರಾಗಬೇಕು ಎಂಬುದೂ ಅವನ ಊಟದ ಮೇಜಿನ ಮೇಲೆ ತೀರ್ಮಾನವಾಗುತ್ತಿತ್ತು. ವಿಕ್ಟೋರಿಯಾ ಕಾಲದಲ್ಲಿ ಸೈನ್ಯದ ಕೆಲಸವನ್ನು ರಾಜಧಾನಿಯ ಕಚೇರಿ ಕಿತ್ತುಕೊಂಡಿತು. ಮಿಕ್ಕ ಅಧಿಕಾರವೂ ಒಂದೊಂದಾಗಿ ಹೋಯಿತು. ಉಳಿದದ್ದು ಸಮವಸ್ತ್ರ, ಸೊಂಟಕ್ಕೊಂದು ಕತ್ತಿ, ಮತ್ತು ನಿಲ್ಲುವ ಕೆಲಸ. ರಾಜಮನೆತನದವರು ಬಂದರೆ ಸ್ವಾಗತಿಸಬೇಕು. ಬಾರದಿದ್ದರೆ ಅವರ ಪರವಾಗಿ ಪದಕ ತೊಡಿಸಬೇಕು, ಹೂಗುಚ್ಛ ಇಡಬೇಕು. ಸಂಬಳವಿಲ್ಲ.

ಇದರ ಮೇಲೆ ನಾನು ಬರೆಯುತ್ತಿದ್ದ ಅಧ್ಯಾಯದ ವಾದ ಸರಳವಾಗಿತ್ತು. ಪ್ರತಿನಿಧಿ ಎನ್ನುವವನು ಗೈರುಹಾಜರಾದವರನ್ನು ಜನ ಮರೆಯಲಿ ಎಂದೇ ಇರುವ ಏರ್ಪಾಡು. ಒಂದು ಟೋಪಿ, ಒಂದು ಕತ್ತಿ ಮುಂದಿಟ್ಟರೆ ಸಾಕು, ದೊರೆ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಹೀಗೆ ಬರೆದ ನಾನು ಆ ಕೌಂಟಿಗೆ ಒಂದು ಸಲವೂ ಹೋದವನಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಮೈಕ್ರೊಫಿಲ್ಮ್ ತಿರುಗಿಸುತ್ತ ಅಲ್ಲಿನ ಹಳೆಯ ಪತ್ರಿಕೆಗಳನ್ನು ಓದಿದ್ದೆ, ಅಷ್ಟೆ.

ಊಟಕ್ಕೆ ಕರೆದವರ ಮನೆಗಳಲ್ಲಿ ನನ್ನ ವಿಷಯ ತಮಾಷೆಯ ವಸ್ತುವಾಗಿತ್ತು. ನಾನೂ ಅದಕ್ಕೆ ಒಗ್ಗರಣೆ ಹಾಕುತ್ತಿದ್ದೆ. ನನ್ನ ಬತ್ತಳಿಕೆಯಲ್ಲಿ ಒಂದು ಕಥೆಯಿತ್ತು: ದೊರೆ ಬರುವ ರೈಲು ತಡವಾಗಿ, ಒಬ್ಬ ಲಾರ್ಡ್ ಲೆಫ್ಟಿನೆಂಟ್ ಮಳೆಯಲ್ಲಿ, ಗರಿಯ ಟೋಪಿ ಹಾಕಿಕೊಂಡು, ಪ್ಲಾಟ್‌ಫಾರಂನಲ್ಲಿ ಅರ್ಧ ದಿನ ನಿಂತದ್ದು. ಟೋಪಿಯ ಗರಿ ಒದ್ದೆಯಾಗಿ ಮೂಗಿನ ಮೇಲೆ ಬಿದ್ದರೂ ಆಸಾಮಿ ಅಲ್ಲಾಡಲಿಲ್ಲವಂತೆ. ಒದ್ದೆ ಕೋಳಿಯ ಹಾಗೆ ಕತ್ತು ಮಾಡಿ ನಾನು ಅದನ್ನು ಅಭಿನಯಿಸಿ ತೋರಿಸುತ್ತಿದ್ದೆ. ಗರಿ ಮೂಗಿನ ಮೇಲೆ ಬಿದ್ದದ್ದು ಪತ್ರಿಕೆಯಲ್ಲಿತ್ತೋ ನಾನೇ ಸೇರಿಸಿದ್ದೋ, ಈಗ ಖಾತ್ರಿಯಿಲ್ಲ.

ಈ ಕಥೆಗೆ ನಗದೆ ಇದ್ದವಳು ಅಶ್ವಿನಿ. ರೋಹಿಣಿಯ ಟೀಮಿನ ಹುಡುಗಿ, ಗದಗಿನವಳು, ಆಗ ಇಪ್ಪತ್ತೆಂಟಿರಬಹುದು. ಹಲವು ತಿಂಗಳಿಂದ ಆಗಾಗ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದಳು. ಒಂದು ದಿನ ಎಲ್ಲರೂ ನಕ್ಕ ಮೇಲೆ, "ಆಮೇಲೆ ರೈಲು ಬಂತಾ ಸರ್?" ಎಂದು ಕೇಳಿದಳು.

"ಬಂದಿರಬೇಕು. ಅದು ಮುಖ್ಯ ಅಲ್ಲ," ಎಂದೆ.

ಅವಳ ಮದುವೆ ಗೊತ್ತಾಗಿತ್ತು. ಹುಡುಗ ಕಾರ್ತಿಕ್, ಮೈಸೂರಿನವನು. ಅವನ ಅಣ್ಣ ಸತೀಶ್ ಸ್ನೊಕ್ವಾಲ್ಮಿಯಲ್ಲಿ ದೊಡ್ಡ ಮನೆ ಮಾಡಿಕೊಂಡಿದ್ದ. ಮದುವೆ ಇಲ್ಲೇ ಎಂದು ನಿಶ್ಚಯವಾಗಿತ್ತು, ಏಕೆಂದರೆ ಇಬ್ಬರ ವೀಸಾ ಕಾಗದಗಳೂ ಅರ್ಧ ದಾರಿಯಲ್ಲಿದ್ದು, ದೇಶ ಬಿಟ್ಟರೆ ವಾಪಸು ಬರುವುದು ಕಷ್ಟವಿತ್ತು. ಹುಡುಗನ ಅಪ್ಪ ಅಮ್ಮನಿಗೆ ವೀಸಾ ಸಿಕ್ಕಿತು. ಅಶ್ವಿನಿಯ ಅಪ್ಪ ಅಮ್ಮನಿಗೆ ಸಿಗಲಿಲ್ಲ. ಎರಡನೆಯ ಸಲವೂ ಚೆನ್ನೈಗೆ ಹೋಗಿ ಬರಿಗೈಯಲ್ಲಿ ಬಂದರು. ಒಬ್ಬಳೇ ಮಗಳು.

ಜನವರಿಯ ಕೊನೆಯಲ್ಲಿ ಒಂದು ಸಂಜೆ ಅಶ್ವಿನಿ ಬಂದು, ಕೋಟು ಕೂಡ ಬಿಚ್ಚದೆ ಸೋಫಾದ ತುದಿಯಲ್ಲಿ ಕೂತಳು. "ರೋಹಿಣಿ ಅಕ್ಕ, ನೀವು ಮತ್ತೆ ಸರ್ ನನಗೆ ಧಾರೆ ಎರೆದುಕೊಡಬೇಕು. ಅಪ್ಪ ಅಮ್ಮನ ಜಾಗದಲ್ಲಿ ಕೂತು."

ರೋಹಿಣಿ ಅವಳನ್ನು ತಬ್ಬಿಕೊಂಡಳು. ನಾನು ನನ್ನ ಹಳೆಯ ಭಾಷಣ ಶುರು ಮಾಡಿದೆ: ಹೆಣ್ಣನ್ನು ದಾನ ಕೊಡುವುದು, ಅದರ ಹಿಂದಿನ ಕಲ್ಪನೆ, ನನಗೆ ಅದರಲ್ಲಿ ನಂಬಿಕೆಯಿಲ್ಲದಿರುವುದು.

"ನನಗೂ ಅಷ್ಟೇನೂ ನಂಬಿಕೆ ಇಲ್ಲ ಸರ್," ಎಂದಳು ಅಶ್ವಿನಿ. "ಆದ್ರೆ ಅಪ್ಪ ಬರ್ಲಿಕ್ಕಾಗಲ್ಲ ಅಂತ ಗೊತ್ತಾದಾಗಿಂದ ನನಗೆ ಬೇರೆ ಏನೂ ಹೊಳೀತಿಲ್ಲ. ಸತೀಶ್ ಅವರು ತಮ್ಮ ಕಡೆಯವರನ್ನೇ ಯಾರನ್ನಾದ್ರೂ ಕೂರಿಸೋಣ ಅಂತಾರೆ. ನಾನು ಬೇಡ ಅಂದೆ. ನೀವು ಆ ಕೆಲಸದ ಬಗ್ಗೆನೇ ಓದ್ತಿದೀರಲ್ಲ."

"ಯಾವ ಕೆಲಸ?"

"ಬರ್ಲಿಕ್ಕೆ ಆಗದೆ ಇರೋರ ಪರವಾಗಿ ನಿಲ್ಲೋದು."

ನಾನು ಒಪ್ಪಿಕೊಂಡೆ. ಕನಿಕರದಿಂದ ಎಂದು ಆಗ ಅಂದುಕೊಂಡಿದ್ದೆ. ಈಗ ಯೋಚಿಸಿದರೆ, ಅಧ್ಯಾಯದ ಕೊನೆಗೆ ಒಂದು ಒಳ್ಳೆಯ ಪ್ಯಾರಾ ಸಿಗುತ್ತದೆ ಎಂಬ ಆಸೆಯೂ ಇತ್ತು ಎನಿಸುತ್ತದೆ.

ಆಮೇಲಿನ ಭಾನುವಾರಗಳಲ್ಲಿ ಗದಗಿನಿಂದ ಫೋನ್ ಬರತೊಡಗಿತು. "ನಮಸ್ಕಾರ್ರಿ, ಗುರುರಾಜ ಮಾತಾಡ್ಲಿಕ್ಕತ್ತೀನಿ, ಅಶ್ವಿನಿ ತಂದಿ." ಅವರು ನಿವೃತ್ತ ಹಿಂದಿ ಮಾಸ್ತರರು. ಪ್ರತಿ ಸಲವೂ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆ ಕೇಳಿಯೇ ಮಾತಿಗಿಳಿಯುತ್ತಿದ್ದರು. ಧಾರೆಯ ಹೊತ್ತಿಗೆ ನನ್ನ ಕೈ ಮಗಳ ಕೈಯ ಕೆಳಗಿರಬೇಕು, ತೆಂಗಿನಕಾಯಿ ಹೀಗೆ ಹಿಡಿಯಬೇಕು, ನೀರು ಎರೆಯುವುದು ರೋಹಿಣಿ ಬಾಯಿಯವರು ಎಂದು ವಿವರಿಸಿದರು. ತಾವಿಬ್ಬರೂ ವಿಡಿಯೊದಲ್ಲಿ ನೋಡುತ್ತ, ಅದೇ ಹೊತ್ತಿಗೆ ಗದಗಿನಲ್ಲಿ ಕೂತು ನೀರು ಬಿಡುವುದಾಗಿ ಹೇಳಿದರು.

"ಇಲ್ಲೆ ಮಗಳ ಕೈ ಇರಂಗಿಲ್ಲಲ್ರಿ, ಕಾಯಿ ಮ್ಯಾಲ ಬಿಡ್ತೀವಿ. ಕೆಳಗ ತಾಟು ಇಡ್ತಾಳ ನಮ್ಮಾಕಿ. ಅಲ್ಲೆ ನಿಮ್ಮ ನೀರು, ಇಲ್ಲೆ ನಮ್ಮ ನೀರು, ಎರಡೂ ಕೂಡೇ ಬೀಳಬೇಕು ನೋಡ್ರಿ. ಅಷ್ಟ ನನ್ನ ಆಶಾ."

ಒಂದು ಭಾನುವಾರ ಅವರು ನನ್ನ ಓದಿನ ಬಗ್ಗೆ ವಿಚಾರಿಸಿದರು. ಹೇಳಿದೆ.

"ಅಂದ್ರ ನಮ್ಮ ಗೌರ್ನರ್ ಇದ್ದಂಗೇನ್ರಿ?"

"ಅಷ್ಟೂ ಇಲ್ಲ ಮಾಸ್ತರೆ. ಅವನಿಗೆ ಈಗ ಕೆಲಸವೇ ಇಲ್ಲ. ಸುಮ್ಮನೆ ನಿಲ್ಲೋದು."

ಮಾಸ್ತರರು ನಕ್ಕರು. "ನಾನೂ ಜೀವಮಾನ ಎಲ್ಲ ಪರೀಕ್ಷಾ ಹಾಲಿನ್ಯಾಗ ನಿಂತೀನ್ರಿ, ಸರ್ಕಾರದ ಪರವಾಗಿ. ಒಂದು ಹುಡುಗ ಅಂಜಲಿಲ್ಲ ನನಗ. ಆದ್ರ ಚಾ ಕುಡ್ಯಾಕ ಹೊರಗ ಹೋದ್ನೋ, ಎಲ್ಲಾ ಚೀಟಿ ಹೊರಗ ಬರ್ತಿದ್ವು ನೋಡ್ರಿ."

ನಾನೂ ನಕ್ಕೆ. ಮುಹೂರ್ತದ ಸಮಯವನ್ನು ಅವರಿಗೆ ತಿಳಿಸಿದ್ದು ಅದೇ ಮಾತುಕತೆಯಲ್ಲೋ ಮುಂದಿನದರಲ್ಲೋ. ದೇವಸ್ಥಾನದ ಶಾಸ್ತ್ರಿಗಳು ಇಲ್ಲಿನ ಬೆಳಿಗ್ಗೆ ಹತ್ತೂವರೆಗೆ ಇಟ್ಟಿದ್ದರು. ನಾನು ಬೆರಳು ಮಡಚಿ ಲೆಕ್ಕ ಹಾಕಿ, "ನಿಮಗೆ ಸರಿಯಾಗಿ ಮಧ್ಯರಾತ್ರಿ ಹನ್ನೆರಡು," ಎಂದೆ. ಆ ದಿನದ ಮಟ್ಟಿಗೆ ಲೆಕ್ಕ ಸರಿಯಾಗಿತ್ತು. ಆದರೆ ಮದುವೆಯಿದ್ದದ್ದು ಮಾರ್ಚಿನ ಆ ಭಾನುವಾರ, ಬೇಸಿಗೆಯ ಬೆಳಕು ಉಳಿಸಲೆಂದು ಇಲ್ಲಿ ಎಲ್ಲರ ಗಡಿಯಾರವನ್ನೂ ಒಂದು ಗಂಟೆ ಮುಂದಕ್ಕೆ ತಿರುಗಿಸುವ ದಿನ. ನಮ್ಮ ಫೋನುಗಳು ರಾತ್ರಿ ತಾವೇ ತಿರುಗಿಸಿಕೊಂಡವು. ಗದಗಿನ ಗಡಿಯಾರ ಯಾಕೆ ತಿರುಗೀತು?

ಆ ಬೆಳಿಗ್ಗೆ ಇದು ಯಾರಿಗೂ ಹೊಳೆಯಲಿಲ್ಲ. ಕಾರು ಓಡಿಸುತ್ತಾ ರೋಹಿಣಿ, "ಒಂದು ಗಂಟೆ ನಿದ್ದೆ ಹೋಯ್ತು," ಎಂದು ಆಕಳಿಸಿದಳು, ಆಗಲೂ ಹೊಳೆಯಲಿಲ್ಲ. ನಾನು ಜರಿ ಪಂಚೆ ಉಟ್ಟಿದ್ದೆ, ಒಳಗೆ ಥರ್ಮಲ್ ಪ್ಯಾಂಟ್. ಹಾಲ್‌ನ ಬಾಗಿಲಲ್ಲಿ ಸತೀಶ್ ಕೈ ಕುಲುಕಿ, "ಏನ್ ಪ್ರೊಫೆಸರ್ರೇ, ಕತ್ತಿ ಎಲ್ಲಿ?" ಎಂದ. ಸುತ್ತ ಇದ್ದವರು ನಕ್ಕರು. ಹುಡುಗನ ತಾಯಿ ಮಾತ್ರ ನಗದೆ, ಕೈ ಮುಗಿದು, "ಬನ್ನಿ ಬೀಗರೇ, ಮೊದಲು ಕಾಫಿ ತಗೊಳ್ಳಿ," ಎಂದು ಕುರ್ಚಿ ತೋರಿಸಿದರು.

ಆ ಬೀಗರೇ ಎಂಬ ಮಾತು ನನ್ನ ಮೇಲೆ ಏನು ಮಾಡಿತೋ ಕಾಣೆ. ಹತ್ತು ನಿಮಿಷದ ಹಿಂದೆ ಪಂಚೆ ಎಡವುತ್ತಿದ್ದವನು ನೆಟ್ಟಗಾದೆ. ಕಾರ್ತಿಕನ ಕಾಲು ತೊಳೆದೆ. ಹಿರಿಯರು ಬಂದು ನಮಸ್ಕರಿಸಿದರೆ ಕೈಯೆತ್ತಿ ಹರಸಿದೆ. ದೀಪ ಸ್ವಲ್ಪ ಈಚೆ ಇಡಿ, ಹೂವಿನ ತಟ್ಟೆ ಆಚೆ ಎಂದು ಹುಕುಂ ಕೊಡತೊಡಗಿದೆ. ಶಾಸ್ತ್ರಿಗಳು ತೆಲುಗಿನವರು; ಅವರ ಮಂತ್ರಗಳ ನಡುವೆ, ನಮ್ಮ ಕಡೆ ಇದು ಹೀಗಲ್ಲ, ಎಂದೂ ಒಮ್ಮೆ ಹೇಳಿದೆ. ನಮ್ಮ ಕಡೆ ಯಾವುದು? ತುಮಕೂರಿನ ನನ್ನ ಮನೆಯದೋ, ನಾನು ಕಣ್ಣಿಂದ ಕಾಣದ ಗದಗಿನದೋ?

ಮಂಟಪದ ಎದುರಿಗೆ ಅಶ್ವಿನಿ ಅಪ್ಪ ಅಮ್ಮನಿಗೆಂದು ಎರಡು ಕುರ್ಚಿ ಹಾಕಿಸಿ, ಒಂದರ ಮೇಲೆ ಲ್ಯಾಪ್‌ಟಾಪ್ ಇಟ್ಟಿದ್ದಳು. ಫೋಟೊ ತೆಗೆಯುವ ಹುಡುಗ ಅದು ಅಡ್ಡ ಬರುತ್ತದೆ ಎಂದ. ನಾನು ಎದ್ದು ಆ ಕುರ್ಚಿಗಳನ್ನು ಪಕ್ಕಕ್ಕೆ ಸರಿಸಿದೆ. ರೋಹಿಣಿಯ ಪ್ರಕಾರ ಸರಿಸಿದ್ದು ಫೋಟೊದವನೇ, ನಾನು ಆಗಲಿ ಎಂದು ತಲೆಯಾಡಿಸಿದೆ ಅಷ್ಟೆ. ಇರಬಹುದು. ನನ್ನ ಅಂಗೈಗೆ ಮಾತ್ರ ಆ ಮಡಚುವ ಕುರ್ಚಿಯ ತಣ್ಣನೆಯ ಕಬ್ಬಿಣ ಈಗಲೂ ನೆನಪಿದೆ.

ಹತ್ತೂವರೆ ಹತ್ತಿರವಾಯಿತು. ಲ್ಯಾಪ್‌ಟಾಪಿನಿಂದ ಗದಗಿಗೆ ಕರೆ ಹೋಗುತ್ತಿತ್ತು, ಯಾರೂ ತೆಗೆಯುತ್ತಿರಲಿಲ್ಲ. ಮಾಸ್ತರರ ಮೊಬೈಲ್ ಸ್ವಿಚ್ ಆಫ್. ಹಸೆಯ ಮೇಲೆ ಕೂತಿದ್ದ ಅಶ್ವಿನಿ, "ಇನ್ನೊಂದ್ಸಲ ಮಾಡಿ, ಇನ್ನೊಂದ್ಸಲ," ಎನ್ನುತ್ತಿದ್ದಳು. ಶಾಸ್ತ್ರಿಗಳು ಗಡಿಯಾರ ನೋಡಿದರು. ಸತೀಶ್ ಬಗ್ಗಿ ನನ್ನ ಕಿವಿಯಲ್ಲಿ, "ಎರಡು ಗಂಟೆಗೆ ಹಾಲ್ ಬಿಡಬೇಕು ಸರ್. ಊಟ ಬೇರೆ ಇದೆ. ನೀವು ಹೇಳಿದ್ರೆ ಅವಳು ಕೇಳ್ತಾಳೆ," ಎಂದ.

ನೀವು ಹೇಳಿದರೆ. ಆ ಮಾತು ಹಿತವಾಗಿತ್ತು.

"ಕನೆಕ್ಷನ್ ಸಿಗ್ತಿಲ್ಲ ಅನ್ಸತ್ತೆ," ಎಂದೆ ಎಲ್ಲರಿಗೂ ಕೇಳುವ ಹಾಗೆ. "ರೆಕಾರ್ಡ್ ಆಗ್ತಿದೆಯಲ್ಲ, ಆಮೇಲೆ ಅವರಿಗೆ ತೋರಿಸೋಣ. ನಾವಿದ್ದೀವಲ್ಲ ಅಶ್ವಿನಿ, ಅದಕ್ಕೇ ತಾನೇ ನಾವಿರೋದು? ರೋಹಿಣಿ, ಎರಿ."

ಇದನ್ನು ಹೇಳಿದ್ದು ನಾನೇ. ಇಲ್ಲಿ ನನಗೆ ನೆನಪಿನ ನೆಪವಿಲ್ಲ. ವಿಡಿಯೊದಲ್ಲಿ ನನ್ನ ದನಿ ಸ್ಪಷ್ಟವಾಗಿದೆ.

ರೋಹಿಣಿ ಗಿಂಡಿ ಎತ್ತಿದಳು. ಎತ್ತಿ ತಡೆದಳು, ಯಾಕೆಂದರೆ ನನ್ನ ಅಂಗೈ ಮೇಲಿದ್ದ ಅಶ್ವಿನಿಯ ಕೈ ಅಲ್ಲಿರಲಿಲ್ಲ. ಅವಳು ಕೈ ಎಳೆದುಕೊಂಡು ಎದೆಗೆ ಒತ್ತಿಕೊಂಡಿದ್ದಳು. ತೆಂಗಿನಕಾಯಿ ಕಾರ್ತಿಕನ ಅಂಗೈಯಲ್ಲಿ ಹಾಗೇ ಉಳಿದಿತ್ತು.

"ಸರ್," ಎಂದಳು. ದನಿ ಏರಿಸಲಿಲ್ಲ. ಆಫೀಸಿನ ಬೆಂಗಳೂರು ಕನ್ನಡ ಹೋಗಿ ಮನೆಯ ಮಾತು ಬಂದಿತ್ತು. "ನೀವು ಯಾರ ಪರವಾಗಿ ಕೂತೀರಿ?"

ನಾನು ಕೈಕೆಳಗಿನ ತಟ್ಟೆಯ ಕಡೆ ಕಣ್ಣಿಳಿಸಿದೆ. ಹಾಲ್‌ನಲ್ಲಿದ್ದವರೆಲ್ಲ ನೋಡುತ್ತಿದ್ದರು. ಅಡುಗೆಮನೆಯಲ್ಲಿ ಯಾರೋ ಸೌಟು ಬೀಳಿಸಿದರು.

"ಅಪ್ಪ ಬರೋತನ ನಾ ಕೈ ಕೊಡಂಗಿಲ್ಲ," ಎಂದಳು. "ಮುಹೂರ್ತ ಹೋದ್ರ ಹೋಗ್ಲಿ."

ಸತೀಶ್ ಏನೋ ಗೊಣಗಿದ. ಕಾರ್ತಿಕ್ ಆವರೆಗೆ ಬಾಯಿ ಬಿಡದೆ ಕೂತಿದ್ದವನು, "ಅಣ್ಣ, ಸುಮ್ನಿರು. ಕಾಯೋಣ," ಎಂದ. ಶಾಸ್ತ್ರಿಗಳು ಪಂಚಾಂಗ ತಿರುವಿ, ಮಧ್ಯಾಹ್ನದೊಳಗೆ ಇನ್ನೊಂದು ಹೊತ್ತು ಕೂಡ ಒಳ್ಳೆಯದೇ ಇದೆ ಎಂದು ಅರೆ ಕನ್ನಡದಲ್ಲಿ ಸಮಾಧಾನ ಹೇಳಿದರು. ಜನ ಮತ್ತೆ ಕಾಫಿಯ ಕಡೆ ಹೋದರು.

ಧಾರೆಗೆ ಕೂತವನು ಏಳುವ ಹಾಗಿರಲಿಲ್ಲ. ನಾನು ಮಣೆಯ ಮೇಲೆ ಕೂತೇ ಇದ್ದೆ. ರೋಹಿಣಿ ಮೆಲ್ಲಗೆ, "ಮಾಸ್ತರಿಗೆ ಎಷ್ಟು ಗಂಟೆ ಅಂತ ಹೇಳಿದ್ರಿ?" ಎಂದಳು.

"ಹನ್ನೆರಡು. ಸರಿಯಾಗೇ ಹೇಳಿದೀನಿ."

ಅವಳು ನನ್ನನ್ನು ನೋಡಿದಳು. ಆಮೇಲೆ ತನ್ನ ಫೋನನ್ನು ನೋಡಿದಳು. "ಅಯ್ಯೋ ರೀ," ಎಂದಳು, "ಇವತ್ತು ಗಡಿಯಾರ ಮುಂದೆ ಹೋಗಿದೆ."

ನನಗೆ ಅರ್ಥವಾಗಲು ಕ್ಷಣ ಹಿಡಿಯಿತು. ಗದಗಿನಲ್ಲಿ ಇನ್ನೂ ಹನ್ನೆರಡಾಗಿರಲೇ ಇಲ್ಲ, ಹನ್ನೊಂದು ಆಗಷ್ಟೇ ದಾಟಿತ್ತು. ಆ ದಂಪತಿ ತಡ ಮಾಡಿರಲಿಲ್ಲ, ಕನೆಕ್ಷನ್ ಕೈಕೊಟ್ಟಿರಲಿಲ್ಲ. ನಾನು ಹೇಳಿದ ಹೊತ್ತಿಗಾಗಿ ಅವರು ಅಲ್ಲಿ ಕಾಯುತ್ತಿದ್ದರು. ರೋಹಿಣಿ ಎದ್ದು ಹೋಗಿ ಅಶ್ವಿನಿಯ ಕಿವಿಯಲ್ಲಿ ಹೇಳಿದಳು. ಅಶ್ವಿನಿ ತಲೆಯಾಡಿಸಿದಳು, ಅಷ್ಟೆ. ನನ್ನ ಕಡೆ ನೋಡಿದಳೋ ಇಲ್ಲವೋ ತಿಳಿಯದು. ನಾನಂತೂ ಆ ಕಡೆ ನೋಡಲಿಲ್ಲ. ಅವಳು ಆ ಪ್ರಶ್ನೆ ಕೇಳಿದಾಗಿನಿಂದ ಅವಳ ಮುಖದ ಕಡೆ ಕಣ್ಣೆತ್ತಲು ನನ್ನಿಂದ ಆಗಿರಲಿಲ್ಲ.

ಆ ಕಾಯುವ ಹೊತ್ತು ಎಷ್ಟು ಉದ್ದವಿತ್ತು ಎಂದು ಲೆಕ್ಕದಿಂದ ಹೇಳಬಹುದು, ಅನುಭವದಿಂದ ಹೇಳಲಾರೆ. ಮಕ್ಕಳು ಮಂಟಪದ ಸುತ್ತ ಇಂಗ್ಲಿಷಿನಲ್ಲಿ ಕೂಗಾಡುತ್ತ ಓಡಿದವು. ಒಬ್ಬ ಹಿರಿಯರು ಬಂದು, "ಪರವಾಗಿಲ್ಲ ಬಿಡಿ ಸ್ವಾಮಿ, ಆಗತ್ತೆ," ಎಂದು ಭುಜ ತಟ್ಟಿದರು. ಅದು ಬೈಗುಳಕ್ಕಿಂತ ಕಷ್ಟವಾಯಿತು. ನಾನು ಹೇಳಿಹೇಳಿ ನಗಿಸುತ್ತಿದ್ದ ಆ ಪ್ಲಾಟ್‌ಫಾರಂ ಮನುಷ್ಯ ನೆನಪಾದ. ಅವನು ಮಳೆಯಲ್ಲಿ ನಿಂತಿದ್ದ, ಯಾಕೆಂದರೆ ರೈಲು ಇನ್ನೂ ಬಂದಿರಲಿಲ್ಲ. ಅವನ ಕೆಲಸದಲ್ಲಿ ಇದ್ದದ್ದೇ ಅಷ್ಟು. ದೊರೆಯ ಬದಲು ತಾನೇ ಕೆಂಪು ಜಮಖಾನೆಯ ಮೇಲೆ ನಡೆದುಬಿಟ್ಟು, ಬ್ಯಾಂಡಿನವರಿಗೆ ಬಾರಿಸಿ ಎಂದು ಹೇಳಿ, ಊರ ಜನರನ್ನು ಮನೆಗೆ ಕಳಿಸಬಹುದಿತ್ತು. ಅವನು ಹಾಗೆ ಮಾಡಲಿಲ್ಲ. ನಾನು ಒಂದು ಬೆಳಿಗ್ಗೆಯೊಳಗೆ ಮಾಡಿದ್ದೆ, ಬೀಗರೇ ಎಂದು ಒಬ್ಬರು ಕರೆದದ್ದಕ್ಕೆ. ನನ್ನ ಅಧ್ಯಾಯದ ವಾದವನ್ನು ನಾನೇ ಪಂಚೆ ಉಟ್ಟು ನಿಜ ಮಾಡಿ ತೋರಿಸಿದ್ದೆ. ಅದು ನನ್ನೊಬ್ಬನ ಬಗ್ಗೆ ನಿಜವಾಗಿತ್ತು, ಆ ಹುದ್ದೆಯ ಬಗ್ಗೆ ನಿಜವೋ ಅಲ್ಲವೋ ನನಗೆ ತಿಳಿದಿರಲಿಲ್ಲ. ಆ ಅಧ್ಯಾಯ ಆಮೇಲೆ ಮುಂದುವರಿಯಲಿಲ್ಲ. ಅದಕ್ಕೆ ಈ ಮದುವೆಯೇ ಕಾರಣ ಎಂದರೆ ಚೆಂದ ಕೇಳುತ್ತದೆ. ನನ್ನ ಎಂದಿನ ಚಂಚಲ ಬುದ್ಧಿಯೂ ಕಾರಣವಿರಬಹುದು.

ಕೊನೆಗೆ ಲ್ಯಾಪ್‌ಟಾಪ್ ತಾನಾಗಿ ರಿಂಗಾಯಿತು. ಯಾರೋ ಓಡಿಹೋಗಿ ಕುರ್ಚಿಗಳನ್ನು ಮಂಟಪದ ಎದುರಿಗೆ ಎಳೆತಂದರು. ಪರದೆಯ ಮೇಲೆ ಒಂದು ಟ್ಯೂಬ್‌ಲೈಟು, ಅದರ ಕೆಳಗೆ ಬಿಳಿ ಟೋಪಿಯ ಒಂದು ಆಕಾರ, ಹಸಿರು ಸೀರೆಯ ಒಂದು ಆಕಾರ. ಚಿತ್ರ ಅಲ್ಲಿಗೇ ನಿಂತುಬಿಟ್ಟಿತು. ದನಿ ಮಾತ್ರ ಬಂತು.

"ನಮಸ್ಕಾರ್ರಿ ಎಲ್ಲಾರ್ಗೂ. ಚಾರ್ಜ್ ಉಳೀಲಿ ಅಂತ ಫೋನ್ ಬಂದ್ ಮಾಡಿ ಇಟ್ಟಿದ್ದೆ. ಹನ್ನೆರಡಕ್ಕಲ್ಲೇನ್ರಿ? ಐದು ನಿಮಿಷ ಮೊದಲ ಬಂದೇವಿ. ಅವಸರ ಆತೋ ಏನೋ."

ಮಂಟಪದ ಸುತ್ತ ಇದ್ದವರು ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಶ್ವಿನಿ ಹೇಳಿದಳು: "ಇಲ್ಲಪ್ಪಾ, ಬರೋಬ್ಬರಿ ಟೈಮಿಗೆ ಬಂದೀರಿ. ನಿಮ್ಮ ಸಲುವಾಗೇ ಕೂತೀವಿ. ಈಗ ಶುರು."

ಅವರಿಗೆ ಆ ದಿನ ಏನೂ ತಿಳಿಯಲಿಲ್ಲ. ಆಮೇಲಾದರೂ ಯಾರಾದರೂ ಹೇಳಿದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಹೇಳಿಲ್ಲ.

ಅಶ್ವಿನಿ ತಾನೇ ಕೈ ತಂದು ನನ್ನ ಅಂಗೈ ಮೇಲಿಟ್ಟಳು. ಬಿಸಿಯಾದ, ಸ್ವಲ್ಪ ಬೆವರಿದ ಕೈ. "ನೀರು ಹಿಡ್ಕೊಂಡೇವ್ರಿ," ಎಂದರು ಮಾಸ್ತರರು. "ನೀವು ಹೂಂ ಅಂದಕೂಡಲೇ ಬಿಡ್ತೀವಿ." ಶಾಸ್ತ್ರಿಗಳು ಮಂತ್ರ ಮುಗಿಸಿ ನನಗೆ ಸನ್ನೆ ಮಾಡಿದರು. ನಾನು ಪರದೆಯ ಕಡೆ ತಿರುಗಿ, "ಹೂಂ ಮಾಸ್ತರೆ," ಎಂದೆ. ರೋಹಿಣಿ ಎರೆದಳು. ನೀರು ಕಾರ್ತಿಕನ ಅಂಗೈಯಲ್ಲಿದ್ದ ಕಾಯಿಯ ಮೇಲೆ ಬಿದ್ದು, ಅಶ್ವಿನಿಯ ಬೆರಳ ಸಂದಿಯಿಂದ ನನ್ನ ಕೈಗೆ, ನನ್ನ ಕೈಯಿಂದ ತಟ್ಟೆಗೆ ಇಳಿಯಿತು. ಲ್ಯಾಪ್‌ಟಾಪಿನಿಂದಲೂ ಸ್ಟೀಲ್ ತಾಟಿಗೆ ನೀರು ಬೀಳುವ ಸದ್ದು ಬಂತು, ಒಂದು ಗಳಿಗೆ ತಡವಾಗಿ. ಗಟ್ಟಿಮೇಳದ ಬದಲು ಯಾರೋ ಸ್ಪೀಕರಿನಲ್ಲಿ ನಾದಸ್ವರ ಹಾಕಿದರು. ಅಕ್ಷತೆ ಬಿತ್ತು.

ನಾನು ಆಗಲೂ ತಟ್ಟೆಯನ್ನೇ ನೋಡುತ್ತಿದ್ದೆ.

ಗದ್ದಲ ಇಳಿಯುತ್ತಿದ್ದಂತೆ ಲ್ಯಾಪ್‌ಟಾಪಿನಿಂದ ಒಂದು ಹೆಣ್ಣುದನಿ ಬಂತು. ಅದುವರೆಗೆ ನಾನು ಕೇಳಿರದ ದನಿ. ಭಾನುವಾರದ ಫೋನುಗಳಲ್ಲಿ ಆಕೆ ಒಮ್ಮೆಯೂ ಮಾತಾಡಿರಲಿಲ್ಲ.

"ನಮಗ ಏನೂ ಕಾಣಸವಲ್ತ್ರಿ. ಬರೇ ಬೆಳಕಷ್ಟ ಅದ. ನೀವು ಹಂತ್ಯಾಕ ಇದ್ದೀರಲ್ಲ, ಹೇಳ್ರಿ. ಅಕಿ ಮಾರಿ ಹ್ಯಾಂಗ ಕಾಣಸ್ತದ್ರಿ?"

ಆಕೆ ಕೇಳಿದ್ದು ನನ್ನನ್ನು. ಮಗಳ ಕೈ ಹಿಡಿದು ಒಂದು ಮೊಳದ ದೂರದಲ್ಲಿ ಕೂತ ನನ್ನ ಬಳಿ ಹೇಳಲು ಏನೂ ಇರಲಿಲ್ಲ, ಏಕೆಂದರೆ ನಾನು ನೋಡಿಯೇ ಇರಲಿಲ್ಲ.

ತಲೆ ಎತ್ತಿದೆ. ಅಶ್ವಿನಿ ನನ್ನನ್ನೇ ನೋಡುತ್ತಿದ್ದಳು.

"ಕಣ್ಣು ಕೆಂಪಾಗಿದೆ ಅಮ್ಮ," ಎಂದೆ. "ಅತ್ತಿದ್ದಾಳೆ. ಈಗ ಅಳ್ತಿಲ್ಲ. ಕಾಡಿಗೆ ಸ್ವಲ್ಪ ಹರಡಿದೆ. ಬೆಳಗಿಂದ ಏನೂ ತಿಂದಿಲ್ಲ ಅನ್ಸತ್ತೆ, ತುಟಿ ಒಣಗಿದೆ. ಬಾಸಿಂಗ ಎಡಕ್ಕೆ ವಾಲಿದೆ."

"ಸರಿ ಮಾಡ್ರೆಲಾ ಅದನ್ನ, ನಿಮ್ಮ ಕೈಲೆ."

ಅಶ್ವಿನಿ ತಲೆ ಬಾಗಿಸಿದಳು. ನನ್ನ ಕೈ ಇನ್ನೂ ಒದ್ದೆಯಿತ್ತು; ಶಲ್ಯಕ್ಕೆ ಒರೆಸಿಕೊಂಡು, ಅವಳ ಹಣೆಯ ಮೇಲಿನ ಬಾಸಿಂಗವನ್ನು ಬಲಕ್ಕೆ ಸರಿಸಿ ದಾರ ಬಿಗಿದೆ.

"ಆತೇನ್ರಿ?"

ಆಯಿತು ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ತಡೆದು, ಅವಳು ತಲೆ ಎತ್ತುವವರೆಗೆ ಕಾದು ನೋಡಿದೆ.

"ಇಲ್ಲಮ್ಮ. ಇನ್ನೂ ವಾರೆಯಾಗೇ ಇದೆ."

ಗದಗಿನಲ್ಲಿ ಆಕೆ ನಕ್ಕರು. "ಹಂಗಾದ್ರ ಬಿಡ್ರಿ. ಬಾಸಿಂಗ ಬರೋಬ್ಬರಿ ಅದ. ಅಕಿ ಸಣ್ಣಾಕಿದ್ದಾಗಿಂದ ಹಂಗ, ತಲಿ ವಾರಿ ಮಾಡೇ ಹಿಡೀತಾಳ."

ಹಲವು ತಿಂಗಳು ನಮ್ಮ ಮನೆಯ ಊಟದ ಮೇಜಿನಲ್ಲಿ ನನ್ನೆದುರಿಗೆ ಕೂತು ಉಂಡ ಹುಡುಗಿ. ಅವಳ ತಲೆಯ ಆ ವಾರೆಯನ್ನು ನಾನು ಅವತ್ತೇ ಮೊದಲು ನೋಡಿದ್ದು.